ಬ್ರೈಟನ್ ಕಡಲತೀರದಲ್ಲಿ ಒಂದು ದಿನ

ಕಡಲೆಂದರೆ ನನಗೆ ಹೊಸತಲ್ಲ. ಹೊನ್ನಾವರದಲ್ಲಿ ಹುಟ್ಟಿ, ಶರಾವತಿಯು ಸಮುದ್ರವನ್ನು ಸೇರುವ ಅಳಿವೆಯನ್ನು ನೋಡುತ್ತಲೇ ಬೆಳೆದು, ಅದೇ ಸೀಮೆಯ ಶಾಲೆಗಳಲ್ಲಿ ಮೂವತ್ತಮೂರು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತನಾದವನು ನಾನು. ಆದುದರಿಂದ 2023ನೆಯ ಇಸವಿಯ ಜೂನ್ ತಿಂಗಳಲ್ಲಿ, ಲಂಡನ್ನಿನಲ್ಲಿ ಓದುತ್ತಿದ್ದ ನನ್ನ ಮಗಳು, “ಅಪ್ಪಯ್ಯ, ಶನಿವಾರ ನಾವು ಎಂಟು ಮಂದಿ ವಿದ್ಯಾರ್ಥಿಗಳು ಕಡಲು ನೋಡಲು ಬ್ರೈಟನ್ನಿಗೆ ಹೊರಟಿದ್ದೇವೆ, ನೀನೂ ಬಾ” ಎಂದಾಗ ನಾನು ನಕ್ಕುಬಿಟ್ಟೆನು. ಹೊನ್ನಾವರದವನು ಕಡಲನ್ನು ನೋಡುವುದಕ್ಕಾಗಿ ಏಳು ಕಡಲು ದಾಟಿ ಬರಬೇಕೆ ಎಂದೆನು. ಆದರೂ ಹೋದೆನು. ಹೋಗಿ, ಹಿಮ್ಮಡಿಯಲ್ಲಿ ನೀರುಗುಳ್ಳೆಯೆದ್ದು, ಮಧ್ಯರಾತ್ರಿಯ ಹೊತ್ತಿಗೆ ಕುಂಟುತ್ತ ಬಿಡಾರ ಸೇರಿದೆನು. ಅಷ್ಟು ದಣಿದ ದಿನವನ್ನು ಇಷ್ಟು ಪ್ರೀತಿಯಿಂದ ನೆನೆಯುವುದಕ್ಕೆ ಕಾರಣವುಂಟು. ಅದನ್ನು ವಾಚಕರ ಮುಂದಿಡುತ್ತೇನೆ.

ಅದಕ್ಕೆ ಮೊದಲು ಮನೆಯ ಮಾತೊಂದನ್ನು ಹೇಳಬೇಕು. ಹಿಂದಿನ ವರ್ಷದ ನವೆಂಬರಿನಲ್ಲಿ ನನ್ನ ಗೃಹಿಣಿ ಹೃದಯಾಘಾತದಿಂದ ತೀರಿಕೊಂಡಳು. ಮಗಳು ಲಂಡನ್ನಿಗೆ ಹೋಗಿ ಆಗ ಎರಡು ತಿಂಗಳಾಗಿದ್ದಿತು. ಸುದ್ದಿ ಕೇಳಿದೊಡನೆ ಹೊರಟರೂ ಅವಳು ಮನೆಯಂಗಳಕ್ಕೆ ಕಾಲಿಟ್ಟದ್ದು ಮೂರನೆಯ ದಿನ ಸಂಜೆ. ಅಷ್ಟರಲ್ಲಿ ಅಸ್ಥಿಸಂಚಯನವೂ ಮುಗಿದಿದ್ದಿತು. ನೆಂಟರಿಷ್ಟರೆಲ್ಲ ನೋಡುತ್ತಿರುವಾಗ ನನ್ನ ಬಾಯಿಂದ, “ಎಲ್ಲ ಮುಗಿದ ಮೇಲೆ ಬಂದು ಮಾಡುವುದೇನಿದೆ?” ಎಂಬ ಮಾತು ಹೊರಬಿದ್ದಿತು. ಅವಳು ಉತ್ತರ ಕೊಡಲಿಲ್ಲ. ಹದಿಮೂರು ದಿನ ಇದ್ದು, ನನ್ನ ಬಟ್ಟೆಬರೆ ಔಷಧಗಳನ್ನೆಲ್ಲ ಅಣಿಗೊಳಿಸಿ, ಹಿಂದಿರುಗಿದಳು. ಅನಂತರ ಪ್ರತಿದಿನವೂ ಫೋನು ಮಾಡಿ ಊಟವಾಯಿತೆ ಎಂದು ಕೇಳುತ್ತಿದ್ದಳು. ಆ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಶನಿವಾರ ಬೆಳಿಗ್ಗೆ ಐದಕ್ಕೇ ಎದ್ದು, ಬುತ್ತಿ ಕಟ್ಟಿಕೊಂಡು, ವಿಕ್ಟೋರಿಯ ನಿಲ್ದಾಣದಲ್ಲಿ ರೈಲು ಹತ್ತಿದೆವು. ಎಂಟು ಮಂದಿಯಲ್ಲಿ ಧಾರವಾಡದ ಹುಡುಗನೊಬ್ಬ, ಮಂಗಳೂರಿನ ಇಬ್ಬರು, ಪಂಜಾಬಿನ ಹುಡುಗಿಯೊಬ್ಬಳು. ಉಳಿದವರು ನಾನಾ ದೇಶದವರು. ಎಲ್ಲರೂ ನನ್ನನ್ನು ‘ಅಂಕಲ್’ ಎಂದರೆ, ಧಾರವಾಡದವನು ಮಾತ್ರ ‘ಮಾಸ್ತರ್ರೇ’ ಎಂದು ಕರೆದು ನನ್ನ ಮನಸ್ಸನ್ನು ಗೆದ್ದುಕೊಂಡನು. ಲಂಡನ್ನಿನಿಂದ ಬ್ರೈಟನ್ನಿಗೆ ದಕ್ಷಿಣಾಭಿಮುಖವಾಗಿ ಸುಮಾರು ಐವತ್ತು ಮೈಲಿ. ರೈಲಿನಲ್ಲಿ ಒಂದು ಗಂಟೆಯ ಹಾದಿ. 1841ರಲ್ಲಿ ಈ ರೈಲುದಾರಿಯಾಗುವ ಮೊದಲು ಕುದುರೆಗಾಡಿಗೆ ಐದಾರು ಗಂಟೆ ಬೇಕಾಗುತ್ತಿದ್ದಿತಂತೆ. ನಿಲ್ದಾಣದಿಂದ ಹೊರಬಿದ್ದರೆ ಒಂದೇ ನೇರವಾದ ಬೀದಿ ಇಳಿಜಾರಾಗಿ ಕಡಲ ಕಡೆಗೆ ಸಾಗುತ್ತದೆ. ಅದರ ತುದಿಯಲ್ಲಿ ನೀಲಿಯ ಗೆರೆಯೊಂದು ಕಾಣುತ್ತದೆ.

ಈ ಊರು ಒಂದು ಕಾಲಕ್ಕೆ ನಮ್ಮ ಕರಾವಳಿಯ ಊರುಗಳಂತೆಯೇ ಬೆಸ್ತರ ಹಳ್ಳಿ. ಹದಿನೆಂಟನೆಯ ಶತಮಾನದ ಮಧ್ಯದಲ್ಲಿ ರಿಚರ್ಡ್ ರಸೆಲ್ ಎಂಬ ವೈದ್ಯನು, ಕಡಲನೀರಿನಲ್ಲಿ ಮಿಂದರೆ ಮಾತ್ರವಲ್ಲ, ಅದನ್ನು ಕುಡಿದರೂ ರೋಗಗಳು ವಾಸಿಯಾಗುವುವೆಂದು ಗ್ರಂಥವನ್ನೇ ಬರೆದನು. ಸಿರಿವಂತರು ಗುಂಪುಗುಂಪಾಗಿ ಬಂದರು. ಅವರ ಹಿಂದೆ, ಮುಂದೆ ನಾಲ್ಕನೆಯ ಜಾರ್ಜ್ ಎನಿಸಿದ ಯುವರಾಜನೂ ಬಂದನು. ಅವನಿಗಾಗಿ ಜಾನ್ ನ್ಯಾಶ್ ಎಂಬ ಶಿಲ್ಪಿಯು 1815ರಿಂದ ಏಳೆಂಟು ವರ್ಷ ದುಡಿದು ಕಟ್ಟಿದ ಅರಮನೆಯೇ ‘ರಾಯಲ್ ಪೆವಿಲಿಯನ್’. ಹೊರಗಿನಿಂದ ನೋಡಿದರೆ ಉತ್ತರ ಹಿಂದೂಸ್ಥಾನದ ನವಾಬರ ಮಹಲು: ಈರುಳ್ಳಿಯಾಕಾರದ ಗುಮ್ಮಟಗಳು, ಮಿನಾರುಗಳು, ಜಾಲಂಧ್ರಗಳು. ಒಳಗೆ ಹೋದರೆ ಚೀಣ ದೇಶದ ಚಿತ್ತಾರ. ಭೋಜನಶಾಲೆಯಲ್ಲಿ ಬೆಳ್ಳಿಬಣ್ಣದ ಘಟಸರ್ಪವೊಂದು ಉಗುರುಗಳಲ್ಲಿ ಹಿಡಿದು ತೂಗುತ್ತಿರುವ ಮಹಾದೀಪ. ಕಟ್ಟಿಸಿದ ಅರಸನಾಗಲಿ ಕಟ್ಟಿದ ಶಿಲ್ಪಿಯಾಗಲಿ ನಮ್ಮ ದೇಶವನ್ನು ಕಣ್ಣಾರೆ ಕಂಡವರಲ್ಲ. ಚಿತ್ರಗಳನ್ನು ನೋಡಿ ಕನಸು ಕಟ್ಟಿದವರು. ಹುಡುಗರು ನಗುತ್ತ ಪಟ ತೆಗೆದುಕೊಂಡರು, ನಾನೂ ನಕ್ಕೆನು.

ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, ಫ್ರಾನ್ಸಿನ ರಣಾಂಗಣದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳಿಗೆ ಇದೇ ಅರಮನೆಯು 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಆಸ್ಪತ್ರೆಯಾಗಿದ್ದಿತು. ಅರಮನೆ ಮತ್ತು ಅದರ ಪಕ್ಕದ ಸಭಾಭವನಗಳಲ್ಲಿ 700ಕ್ಕೂ ಹೆಚ್ಚು ಹಾಸಿಗೆಗಳು. ತಾಮ್ರದ ತಾಳೆಗರಿಗಳಿಂದ ಸಿಂಗರಿಸಿದ ಕಂಬಗಳುಳ್ಳ ಅರಸನ ಪಾಕಶಾಲೆಯೇ ಶಸ್ತ್ರಚಿಕಿತ್ಸೆಯ ಕೋಣೆ. ಹಿಂದೂಗಳಿಗೂ ಮುಸಲ್ಮಾನರಿಗೂ ನೀರಿನ ನಲ್ಲಿಗಳು ಬೇರೆ. ಜಾತಿಮತಗಳ ಕಟ್ಟಳೆಗೆ ಒಪ್ಪುವಂತೆ ತೋಟದಲ್ಲಿ ಒಂಬತ್ತು ಅಡಿಗೆಮನೆಗಳು. ಪರದೇಶದ ಅರಮನೆಯಲ್ಲಿ, ಬಣ್ಣದ ಚಾವಣಿಯ ಕೆಳಗೆ ಕಾಲೋ ಕೈಯೋ ಇಲ್ಲದೆ ಮಲಗಿ, ಊರಿನ ಹೊಲಗದ್ದೆಗಳನ್ನು ನೆನೆಯುತ್ತಿದ್ದ ಆ ತರುಣರ ಛಾಯಾಚಿತ್ರಗಳ ಮುಂದೆ ನಮ್ಮ ಗುಂಪು ತಾನಾಗಿಯೇ ಮೌನವಾಯಿತು.

ಅಲ್ಲಿಂದ ಕಡಲಿಗೆ ಇಳಿದೆವು. ವಾಚಕರೆ, ಈ ಕಡಲತೀರದಲ್ಲಿ ಮರಳಿಲ್ಲ! ಕಣ್ಣು ಹಾಯುವಷ್ಟು ದೂರ ಕೋಳಿಮೊಟ್ಟೆಯ ಗಾತ್ರದ, ಮುಷ್ಟಿಯ ಗಾತ್ರದ ಗುಂಡುಕಲ್ಲುಗಳು. ಈ ಸೀಮೆಯ ಗುಡ್ಡಗಳೆಲ್ಲ ಸೀಮೆಸುಣ್ಣದಂತಹ ಮೆತ್ತನೆಯ ಬಿಳಿಯ ಕಲ್ಲಿನವು. ಅದರ ನಡುವೆ ಗಟ್ಟಿಯಾದ ಚಕಮಕಿ ಕಲ್ಲು ಅಡಗಿರುತ್ತದೆ. ಬಿಳಿಯ ಕಲ್ಲು ಕರಗಿಹೋದ ಮೇಲೆ ಉಳಿದ ಚಕಮಕಿ ತುಂಡುಗಳನ್ನು ತೆರೆಗಳು ಸಾವಿರಾರು ವರ್ಷ ಉರುಳಿಸಿ ನುಣುಪು ಮಾಡಿವೆ. ಅಲೆಗಳು ಈ ಕಲ್ಲುಗಳನ್ನು ಪಶ್ಚಿಮದಿಂದ ಪೂರ್ವಕ್ಕೆ ಒಯ್ಯುತ್ತಲೇ ಇರುವುದರಿಂದ, ತಡೆಯಲು ದಂಡೆಯುದ್ದಕ್ಕೂ ಅಡ್ಡಗೋಡೆಗಳನ್ನು ಕಟ್ಟಿದ್ದಾರೆ. ಮಗಳು ತೆಗೆಸಿಕೊಟ್ಟ ಹೊಸ ಬೂಟುಗಳನ್ನು ಕಳಚಿ ನಾಲ್ಕು ಹೆಜ್ಜೆಯಿಡುವಷ್ಟರಲ್ಲಿ ನನಗೆ ಹಣೆಯಲ್ಲಿ ಬೆವರೊಡೆಯಿತು. ನೀರಿಗೆ ಕಾಲಿಟ್ಟರೆ ಜೂನ್ ತಿಂಗಳಲ್ಲಿಯೂ ನಮ್ಮ ಮಾಘಸ್ನಾನದ ಬಾವಿನೀರೇ ಬೆಚ್ಚಗೆನಿಸುವಷ್ಟು ಚಳಿ.

ಊಟಕ್ಕೆ ಕುಳಿತಾಗ ಇನ್ನೊಂದು ವಿಪತ್ತು ಒದಗಿತು. ಮಗಳು ಬೆಳಿಗ್ಗೆ ಮಾಡಿ ತಂದಿದ್ದ ಚಪಾತಿಯನ್ನು ನಾನು ಪಲ್ಯದೊಡನೆ ಸುರುಳಿ ಮಾಡಿ ಬಾಯಿಗೆ ಒಯ್ಯುತ್ತಿರುವಾಗ, ಬಾತುಕೋಳಿಯಷ್ಟು ದೊಡ್ಡದೊಂದು ಬಿಳಿಯ ಕಡಲಹಕ್ಕಿ ಹಿಂದಿನಿಂದ ಎರಗಿ, ಕೈಯಿಂದ ಅದನ್ನು ಕಿತ್ತುಕೊಂಡು ಹಾರಿಹೋಯಿತು. “ಮಾಸ್ತರ್ರೇ, ಇಲ್ಲಿನ ಕಾಗೆಗಳಿಗೆ ಪಿಂಡಕ್ಕೆ ಕರೆಯುವ ಅಗತ್ಯವೇ ಇಲ್ಲ!” ಎಂದನು ಧಾರವಾಡದ ಹುಡುಗ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗಳೂ ನಕ್ಕಳು; ಆದರೆ ಆ ಮಾತು ಕೇಳಿ ಅವಳ ಮುಖ ಒಂದು ಕ್ಷಣ ಬಾಡಿದ್ದನ್ನು ನಾನು ಕಂಡೆನು.

ಮಧ್ಯಾಹ್ನವೆಲ್ಲ ತಿರುಗಾಟ. ಕಬ್ಬಿಣದ ಕಂಬಗಳ ಮೇಲೆ ಕಡಲೊಳಕ್ಕೆ 1700 ಅಡಿಗೂ ಮಿಕ್ಕಿ ಚಾಚಿಕೊಂಡಿರುವ, 1899ರಲ್ಲಿ ತೆರೆದ ವಿಹಾರಸೇತುವೆಯ ತುದಿಯವರೆಗೆ ನಡೆದೆವು. ಪಶ್ಚಿಮಕ್ಕೆ ಇದಕ್ಕಿಂತ ಹಳೆಯದಾದ ಇನ್ನೊಂದರ ಅಸ್ಥಿಪಂಜರ ಮಾತ್ರ ನೀರಿನಲ್ಲಿ ನಿಂತಿದೆ. 1975ರಲ್ಲಿ ಮುಚ್ಚಿ, 2003ರಲ್ಲಿ ಬೆಂಕಿಗೆ ತುತ್ತಾದುದು. ಮ್ಯಾಗ್ನಸ್ ವೋಕ್ ಎಂಬವನು 1883ರಲ್ಲಿ ತೀರದಗುಂಟ ಹಾಕಿದ ಪುಟ್ಟ ವಿದ್ಯುತ್ ರೈಲಿನಲ್ಲಿಯೂ ಕುಳಿತೆವು. ಇಂದಿಗೂ ಓಡುತ್ತಿರುವ ವಿದ್ಯುತ್ ರೈಲುಗಳಲ್ಲಿ ಜಗತ್ತಿನಲ್ಲಿಯೇ ಅತ್ಯಂತ ಹಳೆಯದು ಇದು. ನಾಲ್ಕು ಗಂಟೆಗೆ ನನ್ನ ಕಾಲುಗಳು ಮುಷ್ಕರ ಹೂಡಿದವು.

ಆಗ ಪಂಜಾಬಿನ ಹುಡುಗಿ ಮೆಲ್ಲನೆ ಹೇಳಿದಳು: ಊರ ಹೊರಗಿನ ಗುಡ್ಡದ ಮೇಲೆ ‘ಛತ್ರಿ’ಯೆಂಬ ಸ್ಮಾರಕವಿದೆ, ಆಸ್ಪತ್ರೆಯಲ್ಲಿ ಮಡಿದ ನಮ್ಮ ಸಿಪಾಯಿಗಳನ್ನು ದಹನ ಮಾಡಿದ ಸ್ಥಳ, ತಾನು ಬಂದದ್ದೇ ಅದಕ್ಕಾಗಿ, ಯಾರೂ ಬಾರದಿದ್ದರೆ ಒಬ್ಬಳೇ ಹೋಗಿಬರುವೆನು. ಕೆಲವರು ಸೇತುವೆಯ ಆಟಗಳಿಗೆ ಹೊರಟರು. “ಅಪ್ಪಯ್ಯ, ನೀನು ಇಲ್ಲೇ ಕುಳಿತಿರು, ಏರಲಾರೆ” ಎಂದಳು ಮಗಳು. ಚಿತೆಯ ಸ್ಥಳವೆಂದು ಕೇಳಿದ ಮೇಲೆ ಕುಳಿತಿರಲು ನನ್ನಿಂದಾಗಲಿಲ್ಲ. ಐವರು ಹೊರಟೆವು. ಪ್ಯಾಚಮ್ ಎಂಬಲ್ಲಿಗೆ ಬಸ್ಸು; ಆಮೇಲೆ ಹುಲ್ಲುಗಾವಲಿನ ನಡುವೆ ಕಾಲುಹಾದಿಯ ಏರು. ಹಾದಿಯಲ್ಲಿ ಹುಲ್ಲು ಸವೆದಲ್ಲೆಲ್ಲ ಬಿಳಿಯ ಸುಣ್ಣಕಲ್ಲು ಇಣುಕುತ್ತಿದ್ದಿತು. ಮೂವತ್ತಮೂರು ವರ್ಷ ಸೀಮೆಸುಣ್ಣ ಹಿಡಿದ ನನಗೆ ಸೀಮೆಸುಣ್ಣದ ಗುಡ್ಡವನ್ನೇ ಏರುವ ಶಿಕ್ಷೆಯೆ ಎಂದುಕೊಂಡು ಹತ್ತು ಹೆಜ್ಜೆಗೊಮ್ಮೆ ನಿಂತೆನು. ಮಗಳು ಏನೂ ಹೇಳದೆ ತನ್ನ ತೋಳನ್ನು ಕೊಟ್ಟಳು.

ಛತ್ರಿಯು ದೊಡ್ಡ ಕಟ್ಟಡವಲ್ಲ. ಎಂಟು ಕಂಬಗಳ ಮೇಲೆ ಗುಮ್ಮಟವುಳ್ಳ ಅಮೃತಶಿಲೆಯ ಮಂಟಪ. ಅದರ ಮುಂದೆ ಚಿತೆಗಳಿದ್ದ ಕಡೆ ಮೂರು ಹಾಸುಗಲ್ಲುಗಳು. ಇಲ್ಲಿ ಐವತ್ತಮೂರು ಮಂದಿ ಹಿಂದೂ ಮತ್ತು ಸಿಖ್ ಸಿಪಾಯಿಗಳಿಗೆ ಅಗ್ನಿಸಂಸ್ಕಾರವಾಯಿತು. ಬೂದಿಯನ್ನು ಕಡಲಿಗೆ ಬಿಟ್ಟರು. ತೀರಿಕೊಂಡ ಮುಸಲ್ಮಾನ ಸಿಪಾಯಿಗಳನ್ನು ವೋಕಿಂಗ್ ಎಂಬ ಊರಿನ ಮಸೀದಿಯ ಸಮೀಪದ ರುದ್ರಭೂಮಿಯಲ್ಲಿ ಮಣ್ಣುಮಾಡಿದರು. ಮಂಟಪವನ್ನು 1921ರ ಫೆಬ್ರುವರಿ 1ರಂದು ಅಂದಿನ ಯುವರಾಜನು ಅನಾವರಣ ಮಾಡಿದನು. ಆ ಐವತ್ತಮೂರು ಮಂದಿಯ ಹೆಸರುಗಳು ಅಲ್ಲಿ ಕಲ್ಲಿನಲ್ಲಿ ಕೆತ್ತಲ್ಪಟ್ಟದ್ದು 2010ರಲ್ಲಿ. ಪಂಜಾಬಿನ ಹುಡುಗಿ ಪಾದರಕ್ಷೆ ಕಳಚಿಟ್ಟು, ತಲೆಯ ಮೇಲೆ ವಸ್ತ್ರವೆಳೆದುಕೊಂಡು, ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿದಳು. ಸುತ್ತ ಗಾಳಿಯ ಸದ್ದು. ದೂರದಲ್ಲಿ ಊರು, ಅದರಾಚೆ ಕಡಲು.

ನಾನೂ ಮಗಳೂ ಹುಲ್ಲಿನ ಮೇಲೆ ಕುಳಿತೆವು. ಬಹಳ ಹೊತ್ತಿನ ಮೇಲೆ ಅವಳು ಕೇಳಿದಳು: “ಅಪ್ಪಯ್ಯ, ಇವರ ಮನೆಗಳಿಗೆ ಸುದ್ದಿ ಎಷ್ಟು ದಿನಕ್ಕೆ ಮುಟ್ಟಿರಬಹುದು?”

“ಕಾಗದವೆಲ್ಲ ಹಡಗಿನಲ್ಲಿ ಹೋಗಬೇಕಾಗಿದ್ದ ಕಾಲ. ವಾರಗಟ್ಟಲೆ ಹಿಡಿದಿರಬಹುದು.”

“ಚಿತೆಗೆ ಬೆಂಕಿಯಿಡಲು ಮಗನೂ ಇರಲಿಲ್ಲ, ಮಗಳೂ ಇರಲಿಲ್ಲ. ಹಾಗಿದ್ದರೆ ಇವರಿಗೆ ಸದ್ಗತಿಯಾಗಲಿಲ್ಲವೆ?”

ಶಾಸ್ತ್ರವನ್ನು ನಾನು ಓದಿದವನು. ಉತ್ತರಗಳು ನಾಲಗೆಯ ತುದಿಯಲ್ಲಿದ್ದವು. ಆದರೆ ಅವಳು ಕೇಳುತ್ತಿದ್ದುದು ಶಾಸ್ತ್ರವನ್ನಲ್ಲವೆಂಬುದು ಹೊಳೆಯಿತು. “ಆಗಿದೆ ಕೂಸೆ,” ಎಂದೆನು. “ದೂರದಲ್ಲಿದ್ದವರ ತಪ್ಪಲ್ಲ ಅದು. ಅಂಗಳದಲ್ಲಿ ನಾನು ಆಡಬಾರದ ಮಾತೊಂದನ್ನು ಆಡಿದೆ. ದುಃಖ ಆಡಿಸಿತೆಂದು ಹೇಳಿ ತಪ್ಪಿಸಿಕೊಳ್ಳುವುದಿಲ್ಲ, ಆಡಿದವನು ನಾನೇ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.”

ಅವಳು ನನ್ನ ಭುಜಕ್ಕೆ ಹಣೆಯಿಟ್ಟು ಅತ್ತಳು. ಏಳು ತಿಂಗಳಿಂದ ಅತ್ತಿರಲಿಲ್ಲವಂತೆ. “ಆಯಿಯ ಮುಖ ನೋಡಲಿಲ್ಲವಲ್ಲ ಅಪ್ಪಯ್ಯ” ಎಂಬುದೊಂದೇ ಮಾತು. ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ, ತಲೆ ನೇವರಿಸಿದೆನು.

ಮತ್ತೆ ಕಡಲಿಗೆ ಬಂದಾಗ ಗಂಟೆ ಎಂಟು. ಸೂರ್ಯನು ಇನ್ನೂ ಆಕಾಶದಲ್ಲಿಯೇ ಇದ್ದನು. ಹೊನ್ನಾವರವು ಭೂಮಧ್ಯರೇಖೆಯಿಂದ ಹದಿನಾಲ್ಕು ಅಂಶ ಉತ್ತರಕ್ಕಿದ್ದರೆ ಬ್ರೈಟನ್ ಐವತ್ತೊಂದರ ಸಮೀಪಕ್ಕಿದೆ. ಆದ್ದರಿಂದ ಉತ್ತರಾಯಣದ ಕೊನೆಯ ಈ ದಿನಗಳಲ್ಲಿ ಇಲ್ಲಿ ಅಸ್ತಮಾನವಾಗುವುದು ರಾತ್ರಿ ಒಂಬತ್ತು ಗಂಟೆ ದಾಟಿದ ಮೇಲೆ. ಸಾಯಂಸಂಧ್ಯೆಗೆ ಕಾದು ಕಾದು ಸಾಕಾಯಿತು. ನಮ್ಮೂರಿನಲ್ಲಿ ಸೂರ್ಯನು ಕಡಲಿಗೆ ಇಳಿಯುತ್ತಾನೆ. ಇಲ್ಲಿ ಆ ಋತುವಿನಲ್ಲಿ ಊರಿನ ಮನೆಗಳ ಹಿಂದೆ ಇಳಿದನು. ಕಲ್ಲುಗಳ ಮೇಲೆ ತಡವರಿಸುತ್ತ ನೀರಿಗಿಳಿದು, ಸಂಧ್ಯೆ ಮುಗಿಸಿ, ಮಗಳನ್ನು ಕರೆದೆನು. ಅವಳ ಆಯಿಯ ಅಸ್ಥಿಯನ್ನು ನಾನು ಗೋಕರ್ಣದ ಕಡಲಿಗೆ ಬಿಟ್ಟಿದ್ದೆನು. ಎಲ್ಲ ಕಡಲಿನ ನೀರೂ ಒಂದೇ ಎಂದು ಹೇಳಿ, ಅವಳ ಬೊಗಸೆಗೆ ನೀರು ತುಂಬಿಸಿ, ಬಿಡಿಸಿದೆನು. ಹೆಣ್ಣುಮಕ್ಕಳಿಗೆ ಇದು ವಿಹಿತವೆ ಎಂದು ಯಾರಾದರೂ ಕೇಳಿದರೆ, ಆ ದಿನ ನನಗೆ ವಿಹಿತವೆಂದು ತೋರಿತು ಎಂದಷ್ಟೇ ಹೇಳಬಲ್ಲೆನು.

ಹಿಂದಿರುಗುವ ರೈಲಿನಲ್ಲಿ ಹುಡುಗರೆಲ್ಲ ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋದರು. ನನ್ನ ಹಿಮ್ಮಡಿ ಉರಿಯುತ್ತಿದ್ದಿತು, ಸೊಂಟ ಸೆಟೆದಿದ್ದಿತು. ಮಗಳು ಭುಜಕ್ಕೊರಗಿ ಮಲಗಿದ್ದುದರಿಂದ ಅಲುಗಾಡುವಂತೆಯೂ ಇರಲಿಲ್ಲ. ಹಾಗೆಯೇ ಲಂಡನ್ನಿನವರೆಗೂ ಕುಳಿತಿದ್ದೆನು.

ಇಂಗ್ಲೆಂಡಿಗೆ ಹೋಗುವ ವಾಚಕರು ಬ್ರೈಟನ್ನಿಗೆ ಹೋಗದೆ ಬರಬಾರದು. ಹಳೆಯ, ಕಾಲಿಗೆ ಒಗ್ಗಿದ ಪಾದರಕ್ಷೆಗಳನ್ನು ಧರಿಸಿ. ಬುತ್ತಿಯನ್ನು ಹಕ್ಕಿಗಳಿಂದ ಕಾಪಾಡಿಕೊಳ್ಳಿ. ಎಷ್ಟೇ ದಣಿವಾದರೂ ಛತ್ರಿಯ ಗುಡ್ಡವನ್ನು ಏರಿಬನ್ನಿ. ಜೊತೆಯಲ್ಲಿ ಮಕ್ಕಳಿದ್ದರೆ, ಅವರು ತೋಳು ಕೊಟ್ಟಾಗ ಬೇಡವೆನ್ನಬೇಡಿ.