ಡಯಲ್ ತಿದ್ದಿದ ಕೈ

ಕೃಷ್ಣರಾಜಪುರದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಕಂಪ್ಯೂಟರಿಗೂ ಒಂದು ಹೊದಿಕೆಯಿದೆ. ಕ್ರೋಶಾ ಕಡ್ಡಿಯಲ್ಲಿ ಅವರೇ ಹೆಣೆದ ಬಿಳಿಯ ಹೊದಿಕೆ. ಅದೇ ನಮೂನೆಯದು ಮೊದಲು ರೇಡಿಯೋ ಮೇಲಿತ್ತು, ಆಮೇಲೆ ಟಿವಿಯ ಮೇಲೆ ಬಂತು. ಮಗ ತನ್ನ ಹಳೆಯ ಕಂಪ್ಯೂಟರನ್ನು ಅಮ್ಮನಿಗೆ ಬಿಟ್ಟು ಪುಣೆಗೆ ಹೋದ ಮೇಲೆ ಎರಡು ವರ್ಷ ಅದು ಹೊದಿಕೆಯೊಳಗೇ ಕೂತಿತ್ತು. ಆಯುಧಪೂಜೆಯ ದಿನ ಮಾತ್ರ ಹೊರಬರುತ್ತಿತ್ತು. ಮಾನಿಟರಿಗೆ ಅರಿಶಿನ ಕುಂಕುಮ, ಮೇಲೊಂದು ಮೊಳ ಸೇವಂತಿಗೆ.

ಎಪ್ಪತ್ನಾಲ್ಕು ತುಂಬಿದ ವರ್ಷ ಅವರೇ ಫೋನ್ ಮಾಡಿದರು. "ಭಾನುವಾರ ಬಾರೋ, ಅದನ್ನ ನಡೆಸೋದು ಹೇಳ್ಕೊಡು." 2023ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್.ಪುರಕ್ಕೆ ಮೆಟ್ರೊ ಕೂಡಿಕೊಂಡ ಮೇಲೆ ಅವರಲ್ಲಿಗೆ ಹೋಗಿಬರುವುದು ಸಲೀಸಾಗಿದೆ. ತೂಗುಸೇತುವೆಯ ಕೆಳಗೆ ಬಸ್ಸಿಗೆ ಕಾಯುತ್ತಾ ನಿಲ್ಲಬೇಕಿಲ್ಲ. ಹನ್ನೊಂದರ ಹೊತ್ತಿಗೆ ನಾನು ತಲುಪಿದಾಗ ಹೊದಿಕೆ ಮಡಿಸಿಟ್ಟಾಗಿತ್ತು. ಪಕ್ಕದಲ್ಲಿ ಕನ್ನಡಕ, ನೋಟ್‌ಬುಕ್ಕು, ಚೂಪಾಗಿ ಹೆರೆದ ಪೆನ್ಸಿಲ್ಲು.

ಈಗ್ಯಾಕೆ ಎಂದು ಕೇಳಿದೆ. ಬಂಗಾರಪೇಟೆಯ ಅಕ್ಕನಿಗೆ ಬರೆಯಬೇಕು ಎಂದರು. ಅಕ್ಕ ಎಂದರೆ ಒಡಹುಟ್ಟಿದವರಲ್ಲ, ಫ್ಯಾಕ್ಟರಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು ದುಡಿದ ಹಿರಿಯ ಗೆಳತಿ. ಅವರಿಗೆ ಈಗ ಕಿವಿ ಕೇಳಿಸದು, ಫೋನಿನ ಮಾತು ನಿಂತುಹೋಗಿದೆ. ಕಾಗದ ಬರೆಯೋಣವೆಂದರೆ ದೊಡ್ಡಮ್ಮನ ಕೈ ನಡುಗುತ್ತದೆ, ಬರೆದ ಸಾಲನ್ನು ಅವರೇ ಓದಲಾರರು. ಅಲ್ಲಿ ಮೊಮ್ಮಗಳು ಇ-ಮೇಲ್ ತೆರೆದು ಅಕ್ಷರ ದೊಡ್ಡದು ಮಾಡಿ ಅಜ್ಜಿಯ ಮುಂದಿಡುತ್ತಾಳಂತೆ. ಬದುಕಿಡೀ ಟೆಲಿಫೋನು ಕಟ್ಟಿದ ಇಬ್ಬರಿಗೆ ಈಗ ಬೇಕಾಗಿರುವುದು ಬರಹ.

ಅವರು ದುಡಿದದ್ದು ಐಟಿಐಯಲ್ಲಿ, ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸಿನಲ್ಲಿ. 1948ರಲ್ಲಿ ಶುರುವಾದ ಕಾರ್ಖಾನೆ. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮ. ಅದರ ಕಾರಣಕ್ಕೇ ಪಕ್ಕದ ಊರಿಗೆ ದೂರವಾಣಿನಗರ ಎಂಬ ಹೆಸರು ಬಂದದ್ದು. ದೊಡ್ಡಮ್ಮ ಎಸ್ಸೆಸ್ಸೆಲ್ಸಿ ಮುಗಿಸಿ ಸೇರಿದಾಗ ಅವರ ಪಾಲಿಗೆ ಬಂದದ್ದು ಡಯಲ್ಲಿನ ಕೆಲಸ. ಕಪ್ಪು ಟೆಲಿಫೋನಿನ ಆ ತಿರುಗುವ ಬಿಲ್ಲೆಯನ್ನು ನಾವೆಲ್ಲ ಚಿಕ್ಕಂದಿನಲ್ಲಿ ತಿರುಗಿಸಿದ್ದೇವೆ, ಒಳಗೆ ನಡೆಯುವುದೇನೆಂದು ತಿಳಿದಿರಲಿಲ್ಲ. ಬೆರಳಿಟ್ಟು ತಿರುಗಿಸುವಾಗ ಏನೂ ಆಗುವುದಿಲ್ಲ. ಬೆರಳು ಬಿಟ್ಟ ಮೇಲೆ, ಬಿಲ್ಲೆ ಕಿರ್ರನೆ ಹಿಂದಿರುಗುವಾಗ, ತಂತಿಯ ಸಂಪರ್ಕ ಕಡಿದು ಕೂಡುತ್ತದೆ. ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಇದೆಲ್ಲ ಸೆಕೆಂಡಿಗೆ 10ರ ಲೆಕ್ಕದಲ್ಲಿ ನಡೆಯಬೇಕು. ಜೋರಾದರೂ ತಪ್ಪು, ನಿಧಾನವಾದರೂ ತಪ್ಪು; ಎಕ್ಸ್‌ಚೇಂಜು ಅಂಕಿಯನ್ನು ತಪ್ಪಾಗಿ ಎಣಿಸಿಬಿಡುತ್ತದೆ. ಆ ವೇಗವನ್ನು ಹಿಡಿದಿಡುವುದಕ್ಕೆ ಒಳಗೊಂದು ಪುಟ್ಟ ಗವರ್ನರ್. ಅದನ್ನು ತಿದ್ದಿ ಕೂರಿಸುವುದು ದೊಡ್ಡಮ್ಮನ ಕೆಲಸ. ಕೊನೆಕೊನೆಗೆ ಮೀಟರ್ ನೋಡುವ ಮೊದಲೇ ಸದ್ದಿನಿಂದಲೇ ಗೊತ್ತಾಗುತ್ತಿತ್ತು ಎನ್ನುತ್ತಾರೆ.

ಅಂಥ ಕೈ ಮೌಸಿನ ಮೇಲೆ ಬಂತು. ತೆರೆಯಬೇಕಾದ ಚಿತ್ರದ ಮೇಲೆ ಎರಡು ಸಲ ಒತ್ತಿ ಎಂದೆ. ಒತ್ತಿದರು, ಸ್ವಲ್ಪ ತಾಳಿ ಮತ್ತೆ ಒತ್ತಿದರು. ಫೈಲು ತೆರೆಯಲಿಲ್ಲ. ಅದರ ಹೆಸರಿಗೆ ನೀಲಿ ಬಣ್ಣ ಬಂದು, ಹೆಸರು ಬದಲಿಸುತ್ತೀರಾ ಎನ್ನುವಂತೆ ಗೆರೆ ಮಿಟುಕಿತು. ಇನ್ನೊಮ್ಮೆ ಹಾಗೇ, ಮತ್ತೊಮ್ಮೆಯೂ ಹಾಗೇ. ನಾಲ್ಕನೆಯ ಸಲ ನಾನು "ಕೊಡಿ ಇಲ್ಲಿ" ಎಂದು ಮೌಸನ್ನು ಎಳೆದುಕೊಂಡು ಟಕಟಕ ಒತ್ತಿ ತೆರೆದುಬಿಟ್ಟೆ.

ದೊಡ್ಡಮ್ಮ ಎರಡೂ ಕೈ ಮಡಿಲಲ್ಲಿಟ್ಟುಕೊಂಡರು. ಸಿಟ್ಟಾಗಲಿಲ್ಲ. "ನೀನು ಮಾಡಿದ್ರೆ ನಿಂಗೆ ಬರತ್ತೆ ಕಣಪ್ಪ. ನಂಗೆ ಹೆಂಗೆ ಬರತ್ತೆ?" ಎಂದರು. ಆಮೇಲೆ, "ಅಕ್ಕ ನಂಗೆ ಡಯಲ್ ಕೂರಿಸೋದು ಕಲಿಸೋವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ನಿಲ್ಲೋಳು. ಒಂದು ದಿನಾನೂ ನನ್ನ ಕೈಯಿಂದ ಸ್ಕ್ರೂಡ್ರೈವರ್ ಇಸ್ಕೊಳ್ಲಿಲ್ಲ" ಎಂದರು.

ನಾನೂ ಎದ್ದು ನಿಂತು ಕೈ ಹಿಂದೆ ಕಟ್ಟಿಕೊಂಡೆ. ಹಾಗೆ ನಿಂತಾಗ ಮಾತಿನಲ್ಲೇ ಹೇಳಬೇಕಾಗುತ್ತದೆ. ಮಾತಿನಲ್ಲಿ ಹೇಳಬೇಕೆಂದರೆ ಮೊದಲು ನಮಗೆ ತಿಳಿದಿರಬೇಕು. ಎರಡು ಒತ್ತುಗಳ ನಡುವೆ ಅರ್ಧ ಸೆಕೆಂಡು ಮೀರಿದರೆ ಕಂಪ್ಯೂಟರು ಅದನ್ನು ಬೇರೆಬೇರೆ ಒತ್ತು ಎಂದುಕೊಳ್ಳುತ್ತದೆ ಎಂದು ವಿವರಿಸಿದೆ. ದೊಡ್ಡಮ್ಮನ ಮುಖ ಅರಳಿತು. "ಅರ್ಧ ಸೆಕೆಂಡು ಅಂತ ಇಟ್ಟಿದ್ದು ಯಾರು? ಡಯಲ್ ಜೋರಾಗಿ ಓಡಿದ್ರೆ ನಾವು ಗವರ್ನರ್ ತಿದ್ತಿದ್ವಿ. ಇದಕ್ಕಿಲ್ವಾ ಅಂಥದ್ದು?"

ಇದೆ. ಕಂಟ್ರೋಲ್ ಪ್ಯಾನೆಲ್ಲಿನಲ್ಲಿ, ಮೌಸ್ ಎಂಬಲ್ಲಿ, ಎಡಕ್ಕೂ ಬಲಕ್ಕೂ ಸರಿಯುವ ಒಂದು ಗುಂಡಿ. ಇಷ್ಟು ವರ್ಷ ನಾನು ಅದರತ್ತ ನೋಡಿರಲಿಲ್ಲ. ದೊಡ್ಡಮ್ಮ ತಾವೇ ಅದನ್ನು ಎಡಕ್ಕೆ ಎಳೆದರು, ಒತ್ತಿ ನೋಡಿದರು, ಇನ್ನೂ ಒಂದು ಕೂದಲೆಳೆ ಎಳೆದರು. ಬೆರಳಿಗೂ ಯಂತ್ರಕ್ಕೂ ತಾಳ ಕೂಡಿತು, ಫೈಲು ತೆರೆಯಿತು. ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡರು: "ವೇಗ ತಿದ್ದುವುದು."

ಮಧ್ಯಾಹ್ನ ಅವರೆಕಾಳು ಸಾರು ಉಂಡು ಕನ್ನಡಕ್ಕೆ ಕೂತೆವು. ನುಡಿ ತಂತ್ರಾಂಶದಲ್ಲಿರುವುದು ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕನ್ನಡದ ಎಲ್ಲ ಗುಣಿತ, ಒತ್ತುಗಳೂ ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಗಿವೆ. ಅಲ್ಪಪ್ರಾಣಕ್ಕೆ ಬರೀ ಕೀಲಿ, ಮಹಾಪ್ರಾಣಕ್ಕೆ ಶಿಫ್ಟ್ ಜೊತೆಗೆ. ಒತ್ತಕ್ಷರ ಬೇಕಾದಾಗ ನಡುವೆ ಎಫ್ ಕೀಲಿ. ಆ ಎಫ್ ಮೇಲೆ ಒಂದು ಸಣ್ಣ ಗೆರೆ ಉಬ್ಬಿದೆ; ಕಣ್ಣು ಮಂಜಾದರೂ ತೋರುಬೆರಳಿಗೆ ಅದು ಸಿಗುತ್ತದೆ. ದೊಡ್ಡಮ್ಮ ಅದನ್ನು ಎರಡು ಮೂರು ಸಲ ಸವರಿದರು. ಮೊದಲು ಎ ಒತ್ತಿದರು, ಅ ಬಂತು. ಕೆ ಒತ್ತಿದರು, ಕ ಬಂತು. ಎಫ್ ಒತ್ತಿ ಮತ್ತೆ ಕೆ ಒತ್ತಿದಾಗ ಆ ಕ ತನ್ನ ಕೆಳಗೆ ಇನ್ನೊಂದನ್ನು ಕೂರಿಸಿಕೊಂಡಿತು. ಅಕ್ಕ. ದೊಡ್ಡಮ್ಮ ತೆರೆಗೆ ಮುಖ ತಂದು ನೋಡಿದರು. ನಡುಕವಿಲ್ಲದ, ದುಂಡಗಿನ ಅಕ್ಷರ. ಇಪ್ಪತ್ತರ ಹರೆಯದಲ್ಲಿ ಅವರ ಕೈಬರಹ ಹಾಗೇ ಇತ್ತೆಂದು ನಮ್ಮಮ್ಮ ಹೇಳುತ್ತಿದ್ದರು.

ಒಂದು ಕಾಲಕ್ಕೆ ಇಲ್ಲಿ ಬರೆದ ಕನ್ನಡ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. 1991ರಲ್ಲಿ ಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಅದು ಬಳಕೆಗೆ ಬಂದು ನೆಲೆಯೂರಿದ್ದರಿಂದ ಕೆ.ಆರ್.ಪುರದ ಕ ಬಂಗಾರಪೇಟೆಯಲ್ಲೂ ಕ ಆಗಿಯೇ ಇಳಿಯುತ್ತದೆ.

ಆರು ಭಾನುವಾರ ಹೋದೆ. ಮೂರನೆಯ ವಾರದಲ್ಲಿ ಮೊದಲ ಕಾಗದ ಹೋಯಿತು, ಹನ್ನೊಂದು ಸಾಲಿನದು. ಆರನೆಯ ವಾರ ನಾನು ಹೋದಾಗ ಬಾಗಿಲು ತೆರೆದವರು "ಸ್ವಲ್ಪ ಕೂತ್ಕೋ, ಮುಗಿಸಿಬಿಡ್ತೀನಿ" ಎಂದು ಒಳಗೆ ಹೋದರು. ಅಡುಗೆಮನೆಯಲ್ಲಿ ನಾನೇ ಕಾಫಿ ಬೆರೆಸಿ ಅವರ ಪಕ್ಕದಲ್ಲಿಟ್ಟೆ.

ಮನೆಯ ಹಿರಿಯರಿಗೆ ಕಂಪ್ಯೂಟರ್ ಹೇಳಿಕೊಡುವವರಿಗೆ ನನ್ನದೊಂದು ಬಿನ್ನಹ. ಮೊದಲು ಮೌಸಿನ ವೇಗ ತಗ್ಗಿಸಿ, ಅಕ್ಷರ ದೊಡ್ಡದು ಮಾಡಿ. ಯಂತ್ರ ಅವರ ಕೈಗೆ ಹೊಂದಲಿ, ಅವರ ಕೈಯನ್ನು ಅವಸರಿಸಬೇಡಿ. ಆಮೇಲೆ ನಿಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಿ.