ಕೊಂದವರು ಯಾರೆಂದು ಗೊತ್ತಿದ್ದೂ

ಪತ್ತೇದಾರಿ ಕಾದಂಬರಿಯಿಂದ ಮಾಡಿದ ಸಿನಿಮಾವನ್ನು ಕತೆ ಗೊತ್ತಿದ್ದೇ ನೋಡಬೇಕು ಎನ್ನುವವ ನಾನು. ಕೊಲೆಗಾರ ಯಾರೆಂಬ ತವಕ ಇಳಿದ ಮೇಲೆಯೇ ಕಣ್ಣಿಗೆ ಬಿಡುವು ಸಿಗುತ್ತದೆ. ಯಾರ ನಗೆ ಅರೆಗಳಿಗೆ ತಡವಾಯಿತು, ಯಾರು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟರು ಎಂಬುದೆಲ್ಲ ಆಗ ಕಾಣುತ್ತದೆ.

ಪುಣೆಯ ಮಳೆಗಾಲದ ಸಂಜೆಗಳಲ್ಲಿ ನಾನು ಮತ್ತೆ ಮತ್ತೆ ಹಚ್ಚಿಕೊಂಡು ಕೂಡುವುದು ಸತ್ಯಜಿತ್ ರಾಯ್ ಅವರ 1967ರ ‘ಚಿಡಿಯಾಖಾನಾ’. ಇದರಲ್ಲಿ ಊರಿನ ಅಭಿಮಾನವೂ ಸೇರಿದೆ. ಇದರ ಮೂಲ ಕಾದಂಬರಿ ಬರೆದ, ಪತ್ತೇದಾರ ಬ್ಯೋಮಕೇಶ್ ಬಕ್ಷಿಯನ್ನು ಸೃಷ್ಟಿಸಿದ ಶರದಿಂದು ಬಂದ್ಯೋಪಾಧ್ಯಾಯರು ಮುಂಬಯಿಯ ಚಿತ್ರಕತೆಗಳ ಕೆಲಸ ಬಿಟ್ಟು 1952ರಲ್ಲಿ ಬಂದು ನೆಲೆಸಿದ್ದು ಇಲ್ಲೇ. ಕಲ್ಕತ್ತೆಯ ಗಲ್ಲಿಗಳನ್ನು, ಅಲ್ಲಿನ ಮೆಸ್ಸುಗಳನ್ನು ಅವರು ಸಹ್ಯಾದ್ರಿಯ ಈ ಮಳೆ ಕೇಳುತ್ತ ಬರೆದರಲ್ಲ ಎಂದು ನೆನೆದಾಗಲೆಲ್ಲ ನನಗೆ ಖುಷಿ. ನಮ್ಮಲ್ಲಿ ಅನೇಕರಿಗೆ ಬ್ಯೋಮಕೇಶ ಪರಿಚಯವಾದದ್ದು 1993ರಲ್ಲಿ, ದೂರದರ್ಶನದ ರಜಿತ್ ಕಪೂರ್ ಮುಖಾಂತರ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದಿದ್ದ ನನಗೆ ಈ ಧೋತರದ ಶಾಂತ ಮನುಷ್ಯ ಹೊಸಬನೆನಿಸಿದ.

ಚಿತ್ರದಲ್ಲಿ ನಿವೃತ್ತ ನ್ಯಾಯಾಧೀಶ ನಿಶಾನಾಥ ಸೇನ್ ಹೂತೋಟದ ಕಾಲೊನಿಯೊಂದನ್ನು ಕಟ್ಟಿ, ಬಾಳಿನಲ್ಲಿ ಕಳಂಕ ಹತ್ತಿದವರಿಗೆ ಆಸರೆ ಕೊಟ್ಟಿದ್ದಾರೆ. ಕೊಲೆಯೊಂದರ ಬಳಿಕ ಕಾಣೆಯಾದ ನಟಿಯೊಬ್ಬಳು ಅವರ ನಡುವೆಯೇ ಅಡಗಿರಬಹುದೇ? ಪುಸ್ತಕದಲ್ಲಿ ಇದನ್ನು ಮುಚ್ಚಿಡುವುದು ಸುಲಭ, ಅಲ್ಲಿ ಮುಖವನ್ನು ಕಲ್ಪಿಸಿಕೊಳ್ಳುವವರು ನಾವು. ಸಿನಿಮಾ ಆ ಮುಖವನ್ನು ತೋರಿಸಲೇಬೇಕು, ತೋರಿಸುತ್ತಲೇ ಬಚ್ಚಿಡಬೇಕು. ಆಕೆಯ ಹಳೆಯ ಚಿತ್ರದ ಹಾಡನ್ನು ರಾಯ್ ತಾವೇ ಬರೆದು ರಾಗ ಹಾಕಿದರು. ಅದು ಕೇಳಿಬಂದಾಗಲೆಲ್ಲ ನಾನು ಹಾಡು ಬಿಟ್ಟು ಕಾಲೊನಿಯ ಹೆಂಗಸರನ್ನು ನೆನೆಯುತ್ತೇನೆ.

ರಾಯ್ ಅವರಿಗೆ ಈ ಚಿತ್ರ ಸಮಾಧಾನ ತರಲಿಲ್ಲ. ಕೊನೆಯಲ್ಲಿ ಎಲ್ಲರನ್ನೂ ಕೂರಿಸಿ ವಿವರಿಸುವ ಭಾಗ ಉದ್ದವಾಯಿತು, ನಿಜ. 1974ರ ‘ಸೋನಾರ್ ಕೆಲ್ಲಾ’ದಲ್ಲಿ ತಮ್ಮದೇ ಕಾದಂಬರಿಯನ್ನು ಬದಲಿಸಿ, ಖಳರನ್ನು ಮೊದಲೇ ತೋರಿಸಿಬಿಟ್ಟರು. ಅದು ಹೆಚ್ಚು ಒಳ್ಳೆಯ ಚಿತ್ರ. ಆದರೂ ನನ್ನ ಪ್ರೀತಿ ‘ಚಿಡಿಯಾಖಾನಾ’ದ ಮೇಲೇ, ಬ್ಯೋಮಕೇಶನಾದ ಉತ್ತಮ್ ಕುಮಾರರಿಂದಾಗಿ. ಅಷ್ಟು ದೊಡ್ಡ ತಾರೆ ಇಲ್ಲಿ ಕನ್ನಡಕ ಏರಿಸಿ ಸುಮ್ಮನೆ ಇತರರ ಮಾತು ಕೇಳುತ್ತಾರೆ. ಶ್ರೇಷ್ಠ ನಟನಿಗೆಂದು ರಾಷ್ಟ್ರಪ್ರಶಸ್ತಿ ಮೊದಲು ಬಂದದ್ದು ಅವರಿಗೆ, ಇದಕ್ಕೂ ‘ಆಂಟನಿ ಫಿರಿಂಗಿ’ಗೂ ಸೇರಿ.

ಈ ಸಲ ಅಕ್ಕನ ಮಗಳು ಜೊತೆಗಿದ್ದಳು. “ಮಾಮಾ, ಯಾರಂತ ಹೇಳಬ್ಯಾಡ್ರಿ ಮತ್ತ” ಎಂದು ಮೊದಲೇ ತಾಕೀತು ಮಾಡಿದಳು. ಅರ್ಧ ಚಿತ್ರಕ್ಕೆ ಅವಳ ಸಂಶಯ ಮೂರು ಕಡೆ ತಿರುಗಿತ್ತು. ನಾನು ಶೇಂಗಾ ಬಿಡಿಸುತ್ತ ಅವಳ ಮುಖವನ್ನೂ ಪರದೆಯನ್ನೂ ನೋಡುತ್ತಿದ್ದೆ.