ಗೊಬ್ಬರದ ಅಂಗಡಿಯಲ್ಲಿ ಉಕ್ರೇನ್ ಯುದ್ಧ

ಜಗಳೂರು



ರಷ್ಯಾ 2022ರ ಫೆಬ್ರವರಿ 24ರಂದು ಉಕ್ರೇನಿನ ಮೇಲೆ ದಂಡೆತ್ತಿ ಹೋದಾಗ ದಾವಣಗೆರೆ ಜಿಲ್ಲೆಯ ಜಗಳೂರು ಸೀಮೆಯಲ್ಲಿ ಮೆಕ್ಕೆಜೋಳದ ಹಂಗಾಮು ಮುಗಿಯುತ್ತ ಬಂದಿತ್ತು. ಜಗತ್ತಿಗೆ ಮೆಕ್ಕೆಜೋಳ ಮಾರುವ ದೊಡ್ಡ ನಾಲ್ಕು ದೇಶಗಳಲ್ಲಿ ಉಕ್ರೇನೂ ಒಂದು. ಅದರ ಕಪ್ಪು ಸಮುದ್ರದ ಬಂದರುಗಳು ಮುಚ್ಚಿದವು. ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 1,870 ರೂಪಾಯಿ ಇದ್ದ ಆ ವರ್ಷ ದಾವಣಗೆರೆ ಪೇಟೆಯಲ್ಲಿ ಧಾರಣೆ 2,000 ದಾಟಿತು. ಮಾಲು ಹಿಡಿದಿಟ್ಟುಕೊಂಡವರಿಗೆ ನಾಲ್ಕು ಕಾಸು ಸಿಕ್ಕಿತು. ಆದರೆ ಅದೇ ಮನೆಗಳ ಅಡುಗೆಗೆ ಬೇಕಾದ ಸೂರ್ಯಕಾಂತಿ ಎಣ್ಣೆ ಲೀಟರಿಗೆ 200 ರೂಪಾಯಿ ಹತ್ತಿರಕ್ಕೆ ಹೋಯಿತು. ಭಾರತ ತರಿಸಿಕೊಳ್ಳುತ್ತಿದ್ದ ಆ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದೇ. ಈ ಯುದ್ಧದ ಬಗ್ಗೆ ಜನರ ಅಭಿಪ್ರಾಯ ಹೇಗೆ ಕವಲೊಡೆಯುತ್ತದೆಂದು ತಿಳಿಯಲು ಕೀವ್ ತನಕ ಹೋಗಬೇಕಿಲ್ಲ. ಇಲ್ಲಿ ಒಂದೇ ಮನೆಯ ಪಡಸಾಲೆಗೂ ಒಲೆಗೂ ನಡುವೆ ಅದು ಕವಲೊಡೆದಿತ್ತು.

ಸೂರ್ಯಕಾಂತಿಯ ಕಥೆ ಇನ್ನೂ ಹಳೆಯದು. ಈ ಬೆಳೆ ಭಾರತದ ಹೊಲಗಳಿಗೆ ಬಂದದ್ದೇ 1970ರ ಆಸುಪಾಸು, ಸೋವಿಯತ್ ಒಕ್ಕೂಟದಿಂದ ತರಿಸಿದ ತಳಿಗಳ ಮೂಲಕ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1980ರಲ್ಲಿ ಬಿಎಸ್‌ಎಚ್-1 ಎಂಬ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಡುಗಡೆ ಮಾಡಿತು. ದೇಶದಲ್ಲಿ ಈ ಬೆಳೆಗೆ ಕರ್ನಾಟಕವೇ ಮುಂದಾಯಿತು. ಆಮೇಲೆ ರೋಗ ಬಂತು, ಹೊರಗಿನ ಅಗ್ಗದ ಎಣ್ಣೆ ಬಂತು, ಮಧ್ಯ ಕರ್ನಾಟಕದ ಹೊಲಗಳನ್ನು ಮೆಕ್ಕೆಜೋಳ ಹಿಡಿಯಿತು. ತಾನೇ ಬೆಳೆಯುತ್ತಿದ್ದುದನ್ನು ಬಿಟ್ಟ ನಾಡು ಅದನ್ನೇ ಕಪ್ಪು ಸಮುದ್ರದಾಚೆಯಿಂದ ಕೊಂಡು ತಿನ್ನುವಂತಾಯಿತು.

ಗೊಬ್ಬರದ ಅಂಗಡಿಯ ಲೆಕ್ಕವೇ ಬೇರೆ. ಮಳೆಯಾಶ್ರಯದ ಈ ತಾಲ್ಲೂಕಿನಲ್ಲಿ ರೈತರು ‘ಸರ್ಕಾರಿ ಗೊಬ್ಬರ’ ಎನ್ನುವ ರಾಸಾಯನಿಕ ಗೊಬ್ಬರದ ಚೀಲ ಒಯ್ಯುವುದು ಮೋಡ ನೋಡಿಕೊಂಡೇ. ಕೆಂಪು ಉಪ್ಪಿನ ಹರಳಿನಂತಿರುವ ಪೊಟ್ಯಾಷನ್ನು ಜಗತ್ತಿಗೆ ಒದಗಿಸುವವರಲ್ಲಿ ರಷ್ಯಾ, ಬೆಲಾರಸ್ ಎರಡೂ ಮುಂದು. ಬೆಲಾರಸ್ ಮೇಲಿನ ನಿರ್ಬಂಧಗಳಿಂದ ಯುದ್ಧಕ್ಕೆ ಮೊದಲೇ ಬೆಲೆ ಬಿಸಿಯೇರಿತ್ತು. 2022ರಲ್ಲಿ 50 ಕೆ.ಜಿ. ಚೀಲಕ್ಕೆ 1,700 ರೂಪಾಯಿ ಆಯಿತು. ಡಿಎಪಿ ಗೊಬ್ಬರ ಮಾತ್ರ 1,200ರಿಂದ 1,350ಕ್ಕೆ ಏರಿ ನಿಂತಿತು, ಏಕೆಂದರೆ ಉಳಿದ ಭಾರವನ್ನು ಕೇಂದ್ರ ಸರ್ಕಾರ ಸಬ್ಸಿಡಿಯಾಗಿ ಹೊತ್ತಿತು. ರಷ್ಯಾವನ್ನು ಎದುರು ಹಾಕಿಕೊಳ್ಳುವುದು ಬೇಡ ಎಂಬ ಮಾತು ಇಂಥ ಕಡೆ ಹುಟ್ಟಿದರೆ ಅದಕ್ಕೆ ಪುಟಿನ್ ಮೇಲಿನ ಪ್ರೀತಿಯೇ ಕಾರಣವಾಗಬೇಕಿಲ್ಲ. ಬಿತ್ತನೆ ಹೊತ್ತಿಗೆ ಚೀಲ ಸಿಗಬೇಕು, ಅಷ್ಟೆ.

ಯುದ್ಧ ಶುರುವಾಗಿ ವಾರ ಕಳೆಯುವ ಮೊದಲೇ ಸಾವಿನ ಸುದ್ದಿ ಬಂತು. ಪಕ್ಕದ ಹಾವೇರಿ ಜಿಲ್ಲೆ, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ ಹಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ. ಊಟದ ಸಾಮಾನು ತರಲೆಂದು ಹೊರಗೆ ಹೋದವನು ಮಾರ್ಚ್ 1ರಂದು ಶೆಲ್ ದಾಳಿಗೆ ಬಲಿಯಾದ. ಇಪ್ಪತ್ತು ದಿನದ ಮೇಲೆ, ಮಾರ್ಚ್ 21ರಂದು ಪಾರ್ಥಿವ ಶರೀರ ಬೆಂಗಳೂರಿಗೆ ಬಂತು. ಊರಿನ ದರ್ಶನ ಮುಗಿದ ಮೇಲೆ ಮನೆಯವರು ಅದನ್ನು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ಡಾಕ್ಟರಾಗಲು ಹೊರಟ ಮಗ ಕೊನೆಗೆ ಡಾಕ್ಟರಾಗುವವರ ಪಾಠಕ್ಕೆ ಒದಗಿದ. ಆ ವಾರಗಳಲ್ಲಿ ಈ ಭಾಗದ ಚರ್ಚೆ ಪುಟಿನ್‌ನಿಂದ ಮೆಡಿಕಲ್ ಸೀಟಿಗೆ ಹೊರಳಿತು. ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದರೂ ಸರ್ಕಾರಿ ಸೀಟಿಲ್ಲ, ಖಾಸಗಿ ಕಾಲೇಜಿನ ಶುಲ್ಕ ಕೈಗೆಟುಕುವುದಿಲ್ಲ, ಉಕ್ರೇನಿನಲ್ಲಾದರೆ ಅದರ ಒಂದು ಪಾಲಿನಲ್ಲಿ ಓದು ಮುಗಿಯುತ್ತದೆ. ಹೊರದೇಶದಲ್ಲಿ ಓದಿದವರಲ್ಲಿ ಶೇ 90 ಮಂದಿ ಇಲ್ಲಿನ ಅರ್ಹತಾ ಪರೀಕ್ಷೆಯಲ್ಲಿ ನಪಾಸಾಗುತ್ತಾರೆಂದು ಕೇಂದ್ರ ಸಚಿವರೊಬ್ಬರು ಅದೇ ಹೊತ್ತಿನಲ್ಲಿ ಆಡಿದ ಮಾತು ಗಾಯಕ್ಕೆ ಉಪ್ಪು ಸವರಿತು. ‘ಆಪರೇಷನ್ ಗಂಗಾ’ ಸುಮಾರು 22,500 ಭಾರತೀಯರನ್ನು ಮರಳಿ ತಂದದ್ದನ್ನು ಕೊಂಡಾಡಿದವರಿಗೂ ಅವರು ಅಲ್ಲಿಗೆ ಹೋದದ್ದೇಕೆ ಎಂದು ಕೇಳಿದವರಿಗೂ ಹೊಂದಲಿಲ್ಲ. ಎರಡನೆಯವರ ಪ್ರಶ್ನೆಯೇ ಗಟ್ಟಿ.

ಹಿರಿಯರ ನೆನಪಿನಲ್ಲಿ ರಷ್ಯಾ ಹಳೇ ದೋಸ್ತಿ. ಹತ್ತಿ ಗಿರಣಿಗಳ ದಾವಣಗೆರೆ ಒಂದು ಕಾಲಕ್ಕೆ ಕಮ್ಯುನಿಸ್ಟರ ನೆಲೆ. ಸಿಪಿಐನ ಪಂಪಾಪತಿ ಅಲ್ಲಿಂದ ಹಲವು ಸಲ ಶಾಸಕರಾಗಿದ್ದವರು. 1971ರ ಆಗಸ್ಟ್‌ನ ಭಾರತ–ಸೋವಿಯತ್ ಒಪ್ಪಂದ, ಬಾಂಗ್ಲಾ ಯುದ್ಧದಲ್ಲಿ ವಿಶ್ವಸಂಸ್ಥೆಯಲ್ಲಿ ಸೋವಿಯತ್ತಿನ ವೀಟೊ, ನವಕರ್ನಾಟಕ ಪ್ರಕಾಶನದವರು ಮಾರುತ್ತಿದ್ದ ಅಗ್ಗದ, ಗಟ್ಟಿ ರಟ್ಟಿನ ಸೋವಿಯತ್ ಪುಸ್ತಕಗಳು ಎಲ್ಲವೂ ಸೇರಿ ಆ ಸ್ನೇಹದ ಚಿತ್ರ ಆದದ್ದು. ಇದರಲ್ಲೊಂದು ಎಡವಟ್ಟಿದೆ. ಆ ಸ್ನೇಹ ರಷ್ಯಾ ಒಂದರ ಜೊತೆಗಾದದ್ದಲ್ಲ, ಉಕ್ರೇನೂ ಸೇರಿದ್ದ ಒಕ್ಕೂಟದ ಜೊತೆಗಾದದ್ದು. ಭಾರತೀಯ ವಾಯುಪಡೆಯ ಎಎನ್-32 ವಿಮಾನ ಕೀವ್‌ನ ಆಂಟೊನೊವ್ ಸಂಸ್ಥೆಯದು. ನೌಕಾಪಡೆಯ ಹಲವು ಹಡಗುಗಳ ಟರ್ಬೈನು ಮಿಕೊಲಾಯಿವ್ ನಗರದ ಕಾರ್ಖಾನೆಯದು. ಮನೆ ಪಾಲಾದ ಮೇಲೆ ಹಳೆಯ ಋಣವೆಲ್ಲ ಹಿರಿಯಣ್ಣನ ಹೆಸರಿಗೇ ಬರೆದಂತಾಯಿತು.

ದೆಹಲಿ ಹಿಡಿದ ದಾರಿ ಗೊತ್ತಿರುವಂಥದ್ದೇ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2022ರ ಮಾರ್ಚ್ 2ರಂದು ದಾಳಿಯನ್ನು ಖಂಡಿಸಿದಾಗ 141 ದೇಶಗಳು ಪರ, 5 ವಿರುದ್ಧ. ತಟಸ್ಥ ಉಳಿದ 35ರಲ್ಲಿ ಭಾರತವೂ ಇತ್ತು. ಇದು ಯುದ್ಧದ ಕಾಲವಲ್ಲವೆಂದು ಪ್ರಧಾನಿ ಮೋದಿ ಸೆಪ್ಟೆಂಬರಿನಲ್ಲಿ ಸಮರ್ಕಂದದಲ್ಲಿ ಪುಟಿನ್ ಎದುರೇ ಹೇಳಿದರು. ಅಷ್ಟರಲ್ಲಿ ರಷ್ಯಾದ ಕಚ್ಚಾತೈಲ ಭಾರತದ ಆಮದಿನಲ್ಲಿ ಶೇ 2ಕ್ಕಿಂತ ಕೆಳಗಿನಿಂದ ಏರತೊಡಗಿತ್ತು. ಮುಂದಿನ ವರ್ಷದ ಹೊತ್ತಿಗೆ ಮೂರನೇ ಒಂದು ಪಾಲು ಮೀರಿತು. ಟ್ರ್ಯಾಕ್ಟರಿಗೆ ಹಾಕಿಸುವ ಡೀಸೆಲ್ ಏಕೆ ಅದೇ ಲೆಕ್ಕದಲ್ಲಿ ಇಳಿಯಲಿಲ್ಲವೆಂಬ ಪ್ರಶ್ನೆಗೆ ತಟಸ್ಥ ನೀತಿಯನ್ನು ಮೆಚ್ಚುವವರ ಬಳಿಯೂ ಉತ್ತರವಿಲ್ಲ.

ಜಗಳದ ಮನೆಗಳಾದ ಉಕ್ರೇನ್, ರಷ್ಯಾಗಳಲ್ಲಿ ಅಭಿಪ್ರಾಯ ಇನ್ನೂ ತೊಡಕು. 1991ರ ಡಿಸೆಂಬರ್ 1ರ ಜನಮತದಲ್ಲಿ ಉಕ್ರೇನಿನ ಶೇ 90ಕ್ಕೂ ಹೆಚ್ಚು ಮತದಾರರು ಸ್ವಾತಂತ್ರ್ಯ ಬೇಕೆಂದರು. ಕ್ರೈಮಿಯಾದಲ್ಲಿ ಅದು ಶೇ 54 ಮಾತ್ರ. 2014ರಲ್ಲಿ ರಷ್ಯಾ ಅದೇ ಕ್ರೈಮಿಯಾವನ್ನು ನುಂಗಿಕೊಂಡಿತು, ಡಾನ್‌ಬಾಸ್‌ನಲ್ಲಿ ಬಂಡಾಯಕ್ಕೆ ಬೆಂಬಲ ಕೊಟ್ಟಿತು. ರಷ್ಯನ್ ಆಡುವವರೆಲ್ಲ ರಷ್ಯಾದ ಪರ ಎಂಬ ಮಾಸ್ಕೋದ ಲೆಕ್ಕ 2022ರಲ್ಲಿ ತಲೆಕೆಳಗಾಯಿತು. ಚಳಗೇರಿಯ ಹುಡುಗ ಸತ್ತ ಹಾರ್ಕಿವ್ ರಷ್ಯನ್ ಮಾತಿನ ಊರೇ. ಅಧ್ಯಕ್ಷ ಜೆಲೆನ್‌ಸ್ಕಿ ಕೂಡ ರಷ್ಯನ್ ಆಡುತ್ತ ಬೆಳೆದವರು. ಕೀವ್‌ನ ಸಮಾಜಶಾಸ್ತ್ರ ಸಂಸ್ಥೆಯ ಸಮೀಕ್ಷೆಯಲ್ಲಿ 2022ರ ಮೇ ತಿಂಗಳಲ್ಲಿ ಶೇ 82 ಮಂದಿ ಏನೇ ಆದರೂ ನೆಲ ಬಿಡಕೂಡದೆಂದಿದ್ದರು. 2024ರ ಡಿಸೆಂಬರಿನಲ್ಲಿ ಅದು ಶೇ 51ಕ್ಕೆ ಇಳಿದಿತ್ತು, ಬಿಟ್ಟಾದರೂ ಶಾಂತಿ ಬರಲಿ ಎನ್ನುವವರು ಶೇ 10ರಿಂದ 38ಕ್ಕೆ ಏರಿದ್ದರು. ದಣಿವಿನ ಲೆಕ್ಕವಿದು, ಸೋಲೊಪ್ಪಿದ್ದೆಂದು ಓದಿದರೆ ತಪ್ಪಾದೀತು.

ರಷ್ಯಾದಲ್ಲಿ ಪ್ರಶ್ನೆ ಕೇಳುವ ರೀತಿಗೆ ತಕ್ಕಂತೆ ಉತ್ತರ ಬದಲಾಗುತ್ತದೆ. ಸೇನೆಯ ಕಾರ್ಯಾಚರಣೆಗೆ ಬೆಂಬಲವಿದೆಯೇ ಎಂದರೆ ನಾಲ್ವರಲ್ಲಿ ಮೂವರು ಹೌದೆನ್ನುತ್ತಾರೆ ಎಂಬುದು ಸಮೀಕ್ಷೆ ನಡೆಸುವ ಲೆವಾಡಾ ಕೇಂದ್ರದ ವರದಿ. ಹೋರಾಡಬೇಕೋ ಸಂಧಾನವೋ ಎಂದರೆ ಹೆಚ್ಚಿನ ಸಲ ಅರ್ಧಕ್ಕಿಂತ ಹೆಚ್ಚು ಮಂದಿ ಸಂಧಾನವೆನ್ನುತ್ತಾರೆ. ಹಿಡಿದ ನೆಲ ಮರಳಿಸುವುದೇ ಎಂದರೆ ಮತ್ತೆ ಹಿಂದೆ ಸರಿಯುತ್ತಾರೆ. ಸೇನೆಯ ಬಗ್ಗೆ ‘ಸುಳ್ಳು ಸುದ್ದಿ’ ಹರಡಿದರೆ 15 ವರ್ಷದವರೆಗೆ ಸೆರೆ ಎಂಬ ಕಾನೂನು 2022ರ ಮಾರ್ಚ್‌ನಲ್ಲೇ ಬಂದಿದೆ. ಹಾಗಿರುವಾಗ ಅಪರಿಚಿತರಿಗೆ ಜನ ಕೊಡುವ ಉತ್ತರವನ್ನು ಎಷ್ಟು ನಂಬಬೇಕೆಂಬುದು ಆ ದೇಶದ ತಜ್ಞರಿಗೇ ತೀರದ ಜಗಳ.

ಕಲಬುರಗಿ ಜಿಲ್ಲೆಯ ಕೆಲವು ಯುವಕರು ಈ ಯುದ್ಧವನ್ನು ರಷ್ಯಾದ ಕಡೆಯಿಂದ ಕಂಡು ಬಂದರು. ಭದ್ರತೆ, ಸಹಾಯಕನ ಕೆಲಸವೆಂದು ಏಜೆಂಟರು ನಂಬಿಸಿ ಕಳಿಸಿದ್ದರು. ಅಲ್ಲಿ ಸಮವಸ್ತ್ರ ತೊಡಿಸಿ ಗಡಿಗೆ ಅಟ್ಟಲಾಯಿತು. ಪ್ರಧಾನಿ 2024ರ ಜುಲೈನಲ್ಲಿ ಮಾಸ್ಕೋದಲ್ಲಿ ಮಾತೆತ್ತಿದ ಮೇಲೆ ಸೆಪ್ಟೆಂಬರಿನಲ್ಲಿ ಅವರು ಊರಿಗೆ ಮರಳಿದರು. ಕೆಲಸ ಹುಡುಕಿ ಬೆಂಗಳೂರಿಗೂ ಅದರಾಚೆಗೂ ಗುಳೆ ಹೋಗುವ ಈ ಬರದ ಸೀಮೆಯಲ್ಲಿ ಆ ಸುದ್ದಿ ಯಾವ ವಿಶ್ಲೇಷಣೆಗಿಂತಲೂ ಬೇಗ ಅರ್ಥವಾಗುವಂಥದ್ದು.